ವಿಶ್ವಾಸದಲ್ಲಿ ಪ್ರೌಢತೆ: ಗುರುಗಳು ದೂರವಿರುವ ಊರುಗಳಲ್ಲಿ

ದೀಕ್ಷಾಸ್ನಾನ ಪಡೆದವರು ಮಗುವಿನ ವಿಶ್ವಾಸದಲ್ಲೇ ನಿಲ್ಲದೆ ಕ್ರಿಸ್ತರ ಪೂರ್ಣತೆಯತ್ತ ಬೆಳೆಯುವುದನ್ನು ಆಧ್ಯಾತ್ಮಿಕ ಪ್ರೌಢತೆ ಎನ್ನುತ್ತೇವೆ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ ಹಾಲು ಕುಡಿಯುವ ಕೂಸು ಮತ್ತು ಗಟ್ಟಿ ಆಹಾರ ಉಣ್ಣುವ ವಯಸ್ಕರ ಹೋಲಿಕೆ ಇದೆ. ಕೊರಿಂಥದವರು ಇನ್ನೂ ಹಾಲಿನಲ್ಲೇ ಇದ್ದಾರೆ ಎಂಬುದಕ್ಕೆ ಪೌಲರು ತೋರಿಸುವ ಗುರುತು ಪ್ರಾರ್ಥನೆಯ ಕೊರತೆಯಲ್ಲ, ಅವರೊಳಗಿನ ಹೊಟ್ಟೆಕಿಚ್ಚು ಮತ್ತು ಪಂಗಡ. ನಮ್ಮ ಪಾಲನಾ ಮಂಡಳಿಗಳ ಚುನಾವಣೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೃಢೀಕರಣ ಸಂಸ್ಕಾರ ಆಯಿತೆಂದರೆ ಪ್ರೌಢತೆ ಬಂತು ಎಂದು ಅನೇಕರು ತಿಳಿಯುತ್ತಾರೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥ (1308) ವಯಸ್ಸಿನ ಬೆಳವಣಿಗೆಯನ್ನು ವಿಶ್ವಾಸದ ಬೆಳವಣಿಗೆಯೊಂದಿಗೆ ಬೆರೆಸಬಾರದೆಂದು ಎಚ್ಚರಿಸುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಗುರುಗಳ ಕುರಿತು ಹೊರಡಿಸಿದ ಕಟ್ಟಳೆ (6ನೇ ವಿಧಿ) ಇನ್ನೂ ನೇರ: ಆಚರಣೆಗಳು ಎಷ್ಟೇ ಚೆಂದವಿರಲಿ, ಸಂಘಟನೆಗಳು ಎಷ್ಟೇ ಬೆಳೆದಿರಲಿ, ಜನರನ್ನು ಪ್ರೌಢತೆಗೆ ನಡೆಸದಿದ್ದರೆ ಅವುಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಇದನ್ನು ನಾವು ಗುರುಗಳು ಮೊದಲು ಓದಬೇಕು.

ಕರಾವಳಿಯಲ್ಲಿ ಇದು ಸುಲಭವಾಗಿ ಪರೀಕ್ಷೆಗೆ ಬರುವುದಿಲ್ಲ. ಗಂಟೆ ಕೇಳಿಸುವಷ್ಟು ಹತ್ತಿರದಲ್ಲಿ ಇಗರ್ಜಿ, ವಾರ್ಡಿಗೊಬ್ಬ ಗುರಿಕಾರರು, ಪಕ್ಕದಲ್ಲೇ ಕಾನ್ವೆಂಟು. ಪರೀಕ್ಷೆ ಶುರುವಾಗುವುದು ಮಗ ಜಗಳೂರಿಗೆ ಶಿಕ್ಷಕನಾಗಿ, ಮಗಳು ಹೊನ್ನಾಳಿಗೆ ಬ್ಯಾಂಕ್ ಉದ್ಯೋಗಿಯಾಗಿ ಹೋದಾಗ. ಚನ್ನಗಿರಿ, ಹೊನ್ನಾಳಿ, ಅದರಿಂದ ಬೇರ್ಪಟ್ಟ ನ್ಯಾಮತಿ, ಜಗಳೂರು, ಈ ನಾಲ್ಕೂ ದಾವಣಗೆರೆ ಜಿಲ್ಲೆಯ ತಾಲೂಕುಗಳು. ಧರ್ಮಸಭೆಯ ಲೆಕ್ಕದಲ್ಲಿ ಇವು 1988ರಲ್ಲಿ ಚಿಕ್ಕಮಗಳೂರಿನಿಂದ ಬೇರ್ಪಟ್ಟ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿವೆ. ಕರಾವಳಿಗೂ ಇದು ಪರಕೀಯವಲ್ಲ. 2000ದಿಂದ ಅಲ್ಲಿ ಬಿಷಪರಾಗಿದ್ದ ಜೆರಾಲ್ಡ್ ಐಸಾಕ್ ಲೋಬೊ ಅವರೇ 2012ರಲ್ಲಿ ಉಡುಪಿಯ ಪ್ರಥಮ ಬಿಷಪರಾದರು. ಹರಿಹರದ ಆರೋಗ್ಯಮಾತೆಯ ದೇವಾಲಯ 2019ರಲ್ಲಿ ಬಸಿಲಿಕವಾಯಿತು, ಸೆಪ್ಟೆಂಬರ್ 8ರ ಹಬ್ಬಕ್ಕೆ ಜನಸಾಗರ ಸೇರುತ್ತದೆ. ಮರುದಿನ ಮಾತ್ರ ಪ್ರತಿಯೊಬ್ಬರೂ ಚದುರಿದ ತಮ್ಮ ಮನೆಗಳಿಗೆ, ಬಸ್ಸು ಹಿಡಿದರಷ್ಟೇ ಬಲಿಪೂಜೆ ಸಿಗುವ ಊರುಗಳಿಗೆ ಮರಳಬೇಕು.

ಅಲ್ಲಿ ಬೆಳೆಯುವುದು ಹೇಗೆ? 1970ರಲ್ಲಿ ಧರ್ಮಸಭೆಯ ಆಚಾರ್ಯೆಯೆಂದು ಘೋಷಿತರಾದ ಆವಿಲಾದ ಸಂತ ತೆರೇಸಾ ಇದಕ್ಕೆ ತೋಟದ ಮಾತಿನಲ್ಲೇ ಉತ್ತರ ಕೊಟ್ಟಿದ್ದಾರೆ. 1560ರ ದಶಕದಲ್ಲಿ ಬರೆದ ಆತ್ಮಕಥೆಯಲ್ಲಿ, 11ನೇ ಅಧ್ಯಾಯದಿಂದ ಮುಂದೆ, ಪ್ರಾರ್ಥನೆಯ ಬೆಳವಣಿಗೆಯನ್ನು ತೋಟಕ್ಕೆ ನೀರು ಹಾಯಿಸುವ ನಾಲ್ಕು ಬಗೆಯಾಗಿ ವಿವರಿಸುತ್ತಾರೆ. ಮೊದಲನೆಯದು ಬಾವಿಯಿಂದ ಸೇದುವುದು: ತೋಳು ನೋಯುತ್ತದೆ, ಸಿಗುವ ನೀರು ಸ್ವಲ್ಪ. ಎರಡನೆಯದು ಚಕ್ರದಿಂದ ಎತ್ತುವುದು, ನಮ್ಮ ಹಿರಿಯರು ಬಲ್ಲ ಕಪಿಲೆಯ ಜಾತಿಯದು. ಮೂರನೆಯದು ಹೊಳೆ ಅಥವಾ ತೊರೆಯ ನೀರು. ನಾಲ್ಕನೆಯದು ಮಳೆ, ಅದರಲ್ಲಿ ತೋಟಗಾರನ ಶ್ರಮವೇ ಇಲ್ಲ. ಸೆಮಿನರಿಯಲ್ಲಿ ನಾವು ಇದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಭದ್ರಾ ನಾಲೆಯ ಚನ್ನಗಿರಿ, ತುಂಗಭದ್ರೆಯ ದಡದ ಹೊನ್ನಾಳಿ, ಮಳೆಗಾಗಿ ಆಕಾಶ ನೋಡುವ ಜಗಳೂರು, ಇವುಗಳನ್ನು ಬಲ್ಲ ರೈತರಿಗೆ ಬಾಯಿಪಾಠದ ಅಗತ್ಯವಿಲ್ಲ.

ತೆರೇಸಾ ಹೆಚ್ಚು ಧೈರ್ಯ ಹೇಳುವುದು ಮೊದಲನೆಯ ಬಗೆಯವರಿಗೆ. ಕೆಲವು ದಿನ ಬಾವಿಯೇ ಬತ್ತಿರುತ್ತದೆ. ಆದರೂ ತೋಟಗಾರನು ತನ್ನಿಂದಾದುದನ್ನು ಮಾಡುತ್ತಿದ್ದರೆ ಗಿಡ ಉಳಿಸಿಕೊಳ್ಳುವುದು ದೇವರ ಕೆಲಸ ಎನ್ನುತ್ತಾರೆ. ಪ್ರಾರ್ಥನೆಯಲ್ಲಿ ಮನಸ್ಸಿಗೆ ಹಿತವೆನಿಸುವುದೇ ಬೆಳವಣಿಗೆಯಲ್ಲ. ಹಬ್ಬದ ನೊವೆನದಲ್ಲಿ ಕಣ್ಣೀರು ಬಂದ ಮಾತ್ರಕ್ಕೆ ಮಳೆ ಬಂತೆಂದು ತಿಳಿಯುವ ನಮ್ಮವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಗಾಯನ ಮಂಡಳಿಯಿಲ್ಲದೆ, ಗುರುಗಳಿಲ್ಲದೆ, ಬಾಡಿಗೆ ಕೋಣೆಯಲ್ಲಿ ಒಬ್ಬರೇ ಕೂತು ಹಗ್ಗ ಬಿಡುವುದು ಒಣ ಕೆಲಸ. ಆ ಹಗ್ಗವನ್ನು ಕೈಬಿಡದಿರುವವರನ್ನೇ ನಾವು ಪ್ರೌಢರೆಂದು ಕರೆಯಲು ಇಷ್ಟಪಡುತ್ತೇವೆ.

ಧರ್ಮಸಭೆಯ ಕಾನೂನು ಸಂಹಿತೆ (1983) ಅವರನ್ನು ಮರೆತಿಲ್ಲ. ಗುರುಗಳಿಲ್ಲದೆ ಅಥವಾ ಬೇರೆ ಗಂಭೀರ ಕಾರಣದಿಂದ ಭಾನುವಾರದ ಬಲಿಪೂಜೆ ಅಸಾಧ್ಯವಾದಾಗ, ದೇವಾಲಯದಲ್ಲಿ ದೇವರವಾಕ್ಯದ ಆರಾಧನೆಯಿದ್ದರೆ ಅದರಲ್ಲಿ ಭಾಗವಹಿಸಲು, ಇಲ್ಲವೇ ಸೂಕ್ತ ಸಮಯ ಒಬ್ಬರೇ, ಕುಟುಂಬವಾಗಿ ಅಥವಾ ಕೆಲವು ಕುಟುಂಬಗಳು ಸೇರಿ ಪ್ರಾರ್ಥಿಸಲು 1248ನೇ ವಿಧಿ ಶಿಫಾರಸು ಮಾಡುತ್ತದೆ. ಬಸ್ಸು ತಪ್ಪಿದ ಸೋಮಾರಿತನಕ್ಕೆ ಇದು ರಿಯಾಯಿತಿಯಲ್ಲ! ಮನೆಯಲ್ಲಿ ಮಾಡುವ ಕ್ರಮ ಸರಳ: ನಿಗದಿತ ಹೊತ್ತಿಗೆ ಮೇಣದಬತ್ತಿ ಹಚ್ಚಿ ಆ ಭಾನುವಾರದ ವಾಚನಗಳನ್ನು ಓದುವುದು, ಮೌನ, ಊರಿನ ರೋಗಿಗಳಿಗಾಗಿ ಕೋರಿಕೆ, ಪರಲೋಕ ಪ್ರಾರ್ಥನೆ, ಮನಸ್ಸಿನಲ್ಲಿ ಪರಮಪ್ರಸಾದದ ಸ್ವೀಕಾರ. ನಾಲ್ಕು ಕುಟುಂಬಗಳಿದ್ದರೆ ಒಬ್ಬರು ಮುಂದೆ ನಿಂತು ನಡೆಸಬಹುದು. ಉಪದೇಶಿಗಳ ಸೇವೆಯನ್ನು ಪೋಪ್ ಫ್ರಾನ್ಸಿಸರು 2021ರಲ್ಲಿ ವಿಧಿವತ್ತಾದ ಶ್ರೀಸಾಮಾನ್ಯ ಸೇವಾಪದವಿಯಾಗಿ ಸ್ಥಾಪಿಸಿದ್ದು ಇಂಥ ಊರುಗಳಿಗೂ ಅನ್ವಯಿಸುತ್ತದೆ.

ಕೊನೆಗೆ, ಹೆತ್ತವರು ನಮ್ಮಲ್ಲಿ ಆಗಾಗ ಕೇಳುವ ಪ್ರಶ್ನೆ: ಅಲ್ಲಿರುವ ಮಗಳು ಯಾವ ಧರ್ಮಕೇಂದ್ರದವಳು? 102 ಮತ್ತು 107ನೇ ವಿಧಿಗಳ ಪ್ರಕಾರ, ಕನಿಷ್ಠ ಮೂರು ತಿಂಗಳು ಇರುವ ಉದ್ದೇಶದಿಂದ ಹೋದರೆ ಅಥವಾ ಮೂರು ತಿಂಗಳು ಇದ್ದೇಬಿಟ್ಟರೆ ಅವಳು ಆ ಊರಿನ ಧರ್ಮಕೇಂದ್ರಕ್ಕೂ ಸೇರುತ್ತಾಳೆ. ಅಲ್ಲಿನ ಗುರುಗಳೂ ಅವಳ ಗುರುಗಳೇ. ಹಾಗಾಗಿ ವರ್ಗಾವಣೆಯ ಆದೇಶ ಕೈಗೆ ಬಂದ ವಾರವೇ ಅವಳ ಹೆಸರು ಮತ್ತು ಫೋನ್ ಸಂಖ್ಯೆಯನ್ನು ನಿಮ್ಮ ಧರ್ಮಗುರುಗಳಿಗೆ ಕೊಡಿ, ಅವರು ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ತಲುಪಿಸಬಲ್ಲರು.