ಮುಳುಗಿದ ಮನೆಗಳ ಬೆಲೆ

ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರಿನ ಹಳ್ಳಿಗಳ ಮನೆಗಳಿಗೆ ಬೆಲೆ ಕಟ್ಟಬೇಕಾಯಿತು. ಆಗ ಜಾರಿಯಲ್ಲಿದ್ದುದು 1894ರ ಭೂಸ್ವಾಧೀನ ಕಾಯ್ದೆ. ಅದರಡಿ ಮಾರುಕಟ್ಟೆ ದರಕ್ಕೆ ಮುಖ್ಯ ಆಧಾರ ಸುತ್ತಲಿನ ನೋಂದಾಯಿತ ಖರೀದಿ ಪತ್ರಗಳು. ಮುದ್ರಾಂಕ ಶುಲ್ಕ ಉಳಿಸಲು ಪತ್ರದಲ್ಲಿ ಕಡಿಮೆ ಮೊತ್ತ ಬರೆಸುವ ರೂಢಿಯ ಪೆಟ್ಟು, ಆ ವ್ಯವಹಾರಕ್ಕೆ ಸಂಬಂಧವೇ ಇಲ್ಲದ ಸಂತ್ರಸ್ತರ ಮೇಲೆ ಬೀಳುತ್ತಿತ್ತು. ಕಟ್ಟಡದ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆಯುವುದು ಇನ್ನೊಂದು ಲೆಕ್ಕ. ಸಾಗುವಾನಿ ತೊಲೆ, ಜಂತಿ, ಮಣ್ಣಿನ ಮಾಳಿಗೆ, ಕಾಳು ತುಂಬುವ ಹಗೇವು ಇದ್ದ ಹಳೆಯ ಮನೆ ಹಾಗೆ ಕಳೆದು ಉಳಿದ ಹಣದಲ್ಲಿ ಮತ್ತೆ ಏಳದು. ಇದು ಅನ್ಯಾಯವೇ. ಒತ್ತಾಯದ ಸ್ವಾಧೀನಕ್ಕೆಂದು ಸೇರಿಸುವ ಹೆಚ್ಚುವರಿ ಮೊತ್ತ 1984ರ ತಿದ್ದುಪಡಿಯಲ್ಲಿ ಶೇ. 15ರಿಂದ 30ಕ್ಕೆ, 2013ರ ಕಾಯ್ದೆಯಲ್ಲಿ ಶೇ. 100ಕ್ಕೆ ಏರಿತು. ಆಯಾ ಬದಲಾವಣೆಗೆ ಬಹಳ ಮೊದಲೇ ಇತ್ಯರ್ಥವಾದ ಪ್ರಕರಣಗಳಿಗೆ ಆ ಹೆಚ್ಚಳ ಸಿಗಲಿಲ್ಲ.