ಕೆಸರುಗದ್ದೆಯಲ್ಲಿ ಬಳಸುವ ಟ್ರ್ಯಾಕ್ಟರಿನ ಮುಂದಿನ ಚಕ್ರದ ಬೇರಿಂಗ್ ನಿರ್ವಹಣೆ

ಭತ್ತದ ಗದ್ದೆಯಲ್ಲಿ ಕೆಸರು ಮಾಡುವಾಗ ಮುಂದಿನ ಚಕ್ರದ ಹಬ್ ನೀರಿನಲ್ಲಿ ಮುಳುಗುತ್ತದೆ. ಬಿಸಿಯಾದ ಹಬ್ ತಣ್ಣೀರಿಗಿಳಿದೊಡನೆ ಒಳಗಿನ ಗಾಳಿ ಕುಗ್ಗಿ, ಸವೆದ ಆಯಿಲ್ ಸೀಲ್ ಮೂಲಕ ಕೆಸರುನೀರು ಒಳಸೇರುತ್ತದೆ. ಇದರಿಂದ ಗ್ರೀಸ್ ಕೆಟ್ಟು ಬೇರಿಂಗ್ ತುಕ್ಕು ಹಿಡಿಯುತ್ತದೆ. ನಿರ್ಲಕ್ಷಿಸಿದಲ್ಲಿ ರಸ್ತೆಯಲ್ಲಿ ಚಕ್ರವೇ ಕಳಚಿ ಪ್ರಾಣಾಪಾಯ ಸಂಭವಿಸಬಹುದು.

ಪರೀಕ್ಷಿಸುವ ವಿಧಾನ

ಗಟ್ಟಿ ನೆಲದಲ್ಲಿ ಹಿಂದಿನ ಚಕ್ರಗಳಿಗೆ ತಡೆ ಇಟ್ಟು, ಮುಂದಿನ ಆಕ್ಸಲನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಸಡಿಲಿಕೆ ಕಂಡುಬಂದರೆ ಅಥವಾ ತಿರುಗಿಸಿದಾಗ ಗರಗರ ಶಬ್ದ ಬಂದರೆ ಹಬ್ಬನ್ನು ಬಿಚ್ಚಿ ನೋಡಬೇಕು.

ನಿರ್ವಹಣಾ ಕ್ರಮಗಳು

1. ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಬೇರಿಂಗನ್ನು ಡೀಸೆಲ್‌ನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು.
2. ರೋಲರ್ ಅಥವಾ ಕಪ್ಪಿನಲ್ಲಿ ಗುಳಿ, ನೀಲಿ ಕಲೆ ಕಂಡರೆ ಎರಡನ್ನೂ ಜೊತೆಯಾಗಿ ಬದಲಿಸಬೇಕು.
3. ಕೈಪಿಡಿಯಲ್ಲಿ ಸೂಚಿಸಿದ ಗ್ರೀಸನ್ನು ರೋಲರ್‌ಗಳ ನಡುವೆ ಒತ್ತಿ ತುಂಬಬೇಕು. ಬೇರೆ ಬಗೆಯ ಗ್ರೀಸ್ ಬೆರೆಸಬಾರದು.
4. ಸೀಲ್ ಹಾಗೂ ಕಾಟರ್ ಪಿನ್ ಹೊಸದಾಗಿರಬೇಕು.
5. ಚಕ್ರ ತಿರುಗಿಸುತ್ತಲೇ ನಟ್ ಬಿಗಿದು, ಅನಂತರ ಕೈಪಿಡಿಯಲ್ಲಿ ತಿಳಿಸಿದಷ್ಟು ಸಡಿಲಿಸಬೇಕು. ಅತಿ ಬಿಗಿಯಾದ ಬೇರಿಂಗ್ ಕಾದು ಬೇಗ ಹಾಳಾಗುತ್ತದೆ.

ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರಿನ ಮುಂದಿನ ಹಬ್‌ಗಳಲ್ಲಿ ಸಾಮಾನ್ಯವಾಗಿ ಎಣ್ಣೆ ಇರುತ್ತದೆ. ಅದು ಬೆಳ್ಳಗಾಗಿದ್ದರೆ ಎಣ್ಣೆ ಬದಲಿಸಿ, ಸೀಲ್ ಪರೀಕ್ಷಿಸಬೇಕು.

ನಾಟಿ ಮುಗಿದ ಕೂಡಲೇ, ಟ್ರ್ಯಾಕ್ಟರನ್ನು ಸಾಗಾಣಿಕೆಗೆ ಬಳಸುವ ಮುನ್ನ, ಈ ಪರೀಕ್ಷೆ ಕೈಗೊಳ್ಳುವುದು ಸೂಕ್ತ.