ಕೋಬಾಲ್ಟ್ ಸಂಕೀರ್ಣಗಳು: ಸಂಯೋಜನೆ ಪತ್ತೆಯಾದ ಚರಿತ್ರೆ

ಕೋಬಾಲ್ಟ್ ಕ್ಲೋರೈಡ್ ಮತ್ತು ಅಮೋನಿಯ ಸೇರಿ ಹುಟ್ಟುವ ಬಣ್ಣಬಣ್ಣದ ಲವಣಗಳಲ್ಲಿ ಲೋಹಕ್ಕೆ ಅಂಟಿಕೊಂಡಿರುವುದು ಯಾವುದು, ಬಿಡಿಯಾಗಿರುವುದು ಯಾವುದು ಎಂಬ ಪ್ರಶ್ನೆ ಇತ್ಯರ್ಥವಾಗಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಮೋನಿಯ ಬೆರೆತ ಕೋಬಾಲ್ಟ್ ದ್ರಾವಣ ಗಾಳಿಗೆ ಕಂದಾಗುವುದನ್ನು ಫ್ರಾನ್ಸಿನ ತಾಸೇರ್ 1798ರಲ್ಲಿ ಗಮನಿಸಿದ್ದ. ಮುಂದೆ ಎಡ್ಮಂಡ್ ಫ್ರೆಮಿ ಬಣ್ಣ ನೋಡಿಯೇ ಹೆಸರಿಟ್ಟ: ಹಳದಿಗೆ ಲ್ಯೂಟಿಯೊ, ಕೆನ್ನೀಲಿಗೆ ಪರ್ಪ್ಯೂರಿಯೊ, ಹಸಿರಿಗೆ ಪ್ರೇಸಿಯೊ.

ಗುಟ್ಟು ಬಿಡಿಸಿದ್ದು ಸಿಲ್ವರ್ ನೈಟ್ರೇಟ್. ಬೆಂಗಳೂರಿನ ಜಯನಗರ, ಬನಶಂಕರಿಯ ಪಿಯು ಕಾಲೇಜುಗಳ ಲ್ಯಾಬಿನಲ್ಲಿ ಕ್ಲೋರೈಡ್ ಪತ್ತೆಗೆ ಹನಿಸುವುದೂ, ಬೆರಳಿಗೆ ತಾಗಿದರೆ ವಾರವಾದರೂ ಹೋಗದ ಕಪ್ಪು ಕಲೆ ಬಿಡುವುದೂ ಇದೇ ದ್ರಾವಣ. ಆರು ಅಮೋನಿಯದ ಹಳದಿ ಲವಣ 1 ಗ್ರಾಂ ಕರಗಿಸಿ ಇದನ್ನು ಹಾಕಿದರೆ ಮೊಸರು ಒಡೆದಂತೆ ಸಿಲ್ವರ್ ಕ್ಲೋರೈಡಿನ ಬಿಳಿ ಪ್ರಕ್ಷೇಪ ಕೂರುತ್ತದೆ. ಒಣಗಿಸಿ ತೂಗಿದರೆ ಸುಮಾರು 1.6 ಗ್ರಾಂ, ಅಂದರೆ ಮೂರೂ ಕ್ಲೋರೈಡ್ ಬಿಡಿ. ಐದು ಅಮೋನಿಯದ್ದರಲ್ಲಿ ಸುಮಾರು 1.14 ಗ್ರಾಂ, ಎರಡೇ. ನಾಲ್ಕರ ಹಸಿರು ಲವಣದಲ್ಲಿ 0.61, ಒಂದೇ. ದ್ರಾವಣ ತಣ್ಣಗೆ, ಹೊಸದಾಗಿರಬೇಕು. ಕುದಿಸಿದರೆ ಒಳಗಿದ್ದ ಕ್ಲೋರೈಡೂ ಕಳಚಿಕೊಂಡು ಲೆಕ್ಕ ಕೆಡುತ್ತದೆ.

ಅಮೋನಿಯ ಸರಪಳಿಯಂತೆ ಕೋದುಕೊಂಡಿದೆ ಎಂದು ರಸಾಯನಶಾಸ್ತ್ರಜ್ಞ ಬ್ಲೊಮ್‌ಸ್ಟ್ರಾಂಡ್ 1869ರಲ್ಲಿ ವಾದಿಸಿದ. ಡೆನ್ಮಾರ್ಕಿನ ಯೋರ್ಗೆನ್ಸನ್ ಅದನ್ನೇ ತಿದ್ದಿ ಬೆಳೆಸಿದ. ಅವನಷ್ಟು ಶುದ್ಧವಾಗಿ ಈ ಲವಣಗಳನ್ನು ತಯಾರಿಸಿದವರು ವಿರಳ. ಕೊನೆಗೆ ಅವನ ಸಿದ್ಧಾಂತವನ್ನು ಬೀಳಿಸಲು ನೆರವಾದದ್ದೂ ಅವನದೇ ಪ್ರಯೋಗಗಳು. 1893ರಲ್ಲಿ, ಇಪ್ಪತ್ತಾರರ ಆಲ್ಫ್ರೆಡ್ ವೆರ್ನರ್ ಸರಪಳಿಯನ್ನೇ ಕೈಬಿಟ್ಟು, ಕೋಬಾಲ್ಟಿನ ಸುತ್ತ ಆರು ಜಾಗಗಳಿವೆ, ಅವು ಅಷ್ಟಮುಖಿಯ ಆರು ಮೂಲೆಗಳಲ್ಲಿವೆ ಎಂದ. ಸಹೋದ್ಯೋಗಿ ಮಿಯೊಲಾಟಿಯ ಜೊತೆ ದ್ರಾವಣಗಳ ವಿದ್ಯುತ್ ವಾಹಕತೆ ಅಳೆದಾಗ, ಮೂರು ಅಮೋನಿಯ, ಮೂರು ನೈಟ್ರೈಟ್ ಇರುವ ಸಂಯುಕ್ತದಲ್ಲಿ ವಿದ್ಯುತ್ ಹೆಚ್ಚುಕಡಿಮೆ ಹರಿಯಲೇ ಇಲ್ಲ. ಸರಪಳಿ ವಾದದ ಪ್ರಕಾರ ಹರಿಯಬೇಕಿತ್ತು; ಆ ವಾದಕ್ಕೆ ಇದು ನುಂಗಲಾರದ ತುತ್ತು. ನಾಲ್ಕು ಅಮೋನಿಯದ ಹಸಿರು ಲವಣಕ್ಕೆ ನೇರಳೆ ಜೋಡಿಯೊಂದು ಇರಲೇಬೇಕೆಂದೂ ವೆರ್ನರ್ ಹೇಳಿದ್ದ. ಅದು ಕೈಗೆ ಸಿಕ್ಕಿದ್ದು 1907ರಲ್ಲಿ. 1911ರಲ್ಲಿ ಶಿಷ್ಯ ವಿಕ್ಟರ್ ಕಿಂಗ್ ಜೊತೆ ಎಡಗೈ-ಬಲಗೈಯಂಥ ಪ್ರತಿಬಿಂಬ ರೂಪಗಳನ್ನೂ ಬೇರ್ಪಡಿಸಿದ. 1913ರಲ್ಲಿ ನೊಬೆಲ್ ಬಂತು.

ವಿಟಮಿನ್ ಬಿ12 ಕೂಡ ಕೋಬಾಲ್ಟ್ ಸಂಕೀರ್ಣವೇ. ತೂಕ-ಅಳತೆಗೆ ಅದು ಬಗ್ಗಲಿಲ್ಲ; 181 ಪರಮಾಣುಗಳ ಸಯನೊಕೊಬಾಲಮಿನ್‌ನ ರಚನೆಯನ್ನು 1950ರ ದಶಕದ ನಡುವೆ ಡೊರೊತಿ ಹಾಡ್ಕಿನ್ ತಂಡ ಎಕ್ಸ್‌ರೇಯಿಂದ ಬಿಡಿಸಿತು. ಅದರ ಹತ್ತಿರದ ಸಂಬಂಧಿ ಕೊಬೈರಿಕ್ ಆಮ್ಲದ ರಚನೆ ಹುಡುಕುವಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ. ವೆಂಕಟೇಶನ್ ಹಾಡ್ಕಿನ್ ಜೊತೆಗಿದ್ದರು. ಎಕ್ಸ್‌ರೇಯನ್ನು ಕೋಬಾಲ್ಟ್ ಚದುರಿಸುವ ಅಸಹಜ ರೀತಿಯೇ ಅಲ್ಲಿ ದಾರಿ ತೋರಿತು.